ಕೊಂಡಪ್ಪನವರು ಕೊನೆಯ ಕೊಂಡಿಯಲ್ಲ

2024ರ ಜನವರಿ 25ರಂದು ಪದ್ಮ ಪ್ರಶಸ್ತಿಗಳ ಪಟ್ಟಿ ಹೊರಬಿತ್ತು. ಒಟ್ಟು 132 ಹೆಸರು, ಅದರಲ್ಲಿ 110 ಪದ್ಮಶ್ರೀ. ಪಟ್ಟಿಯಲ್ಲಿದ್ದ 34 ಜನರನ್ನು ಎಲೆಮರೆಯ ಕಾಯಿಗಳೆಂದು ಕೇಂದ್ರ ಸರ್ಕಾರವೇ ಬೇರೆಯಾಗಿ ಹೆಸರಿಸಿತು. ಮೈಸೂರು ಸೀಮೆಯ ಜೇನುಕುರುಬರ ಸೋಮಣ್ಣ, ಭತ್ತದ ತಳಿಗಳನ್ನು ಉಳಿಸಿದ ಕಾಸರಗೋಡಿನ ಸತ್ಯನಾರಾಯಣ ಬೆಳೇರಿ ಆ 34ರಲ್ಲಿದ್ದರು. ಅವರನ್ನು ನಮ್ಮವರೆಂದು ನಾವು ಸಂತೋಷದಿಂದ ಕೊಂಡಾಡಿದೆವು. ಅದೇ 34ರಲ್ಲಿ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ದಾಮರಗಿದ್ದ ಗ್ರಾಮದ ದಾಸರಿ ಕೊಂಡಪ್ಪನವರೂ ಇದ್ದರು. ಬುರ್ರವೀಣೆ ನುಡಿಸುತ್ತ ತತ್ವ ಹಾಡುವವರು, ಮನೆತನದಲ್ಲಿ ಮೂರನೆಯ ತಲೆಮಾರಿನವರು. ಅವರು ಹಾಡುವುದು ತೆಲುಗಿನಲ್ಲಿ, ಕನ್ನಡದಲ್ಲಿಯೂ. ಆದರೆ ಅವರ ಹೆಸರು ನಮ್ಮ ಕಡೆ ಪಟ್ಟಿಯ ಸಾಲಿನಲ್ಲೇ ಉಳಿಯಿತು.

ಅತ್ತ ತೆಲುಗಿನಲ್ಲಿ ಅವರ ಬಗ್ಗೆ ಬರೆದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಬರೆದರು. ಇವರು ಈ ಕಲೆಯ ಕೊನೆಯ ಕೊಂಡಿ, ಇವರ ನಂತರ ಬುರ್ರವೀಣೆ ಇಲ್ಲ, ಬಡತನದಲ್ಲಿ ಮುಚ್ಚಿಹೋಗಿದ್ದ ಕಲಾವಿದನನ್ನು ಪ್ರಶಸ್ತಿ ಬೆಳಕಿಗೆ ತಂದಿತು. ಬರೆದವರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ, ಅಭಿಮಾನವೇ ಇತ್ತು. ಆದರೂ ಈ ಮಾತು ತಪ್ಪು ಎನ್ನುವುದು ನನ್ನ ವಾದ. ತಪ್ಪಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಅದು ಹಾನಿಯನ್ನೂ ಮಾಡುತ್ತಿದೆ. ಒಬ್ಬ ಹಾಡುಗಾರನನ್ನು ಕೊನೆಯವನೆಂದು ಕರೆದ ಕೂಡಲೇ ಅವನು ಏನು ಹಾಡುತ್ತಾನೆ, ಯಾರಿಗಾಗಿ ಹಾಡುತ್ತಾನೆ, ಆ ಹಾಡು ಎಲ್ಲಿಂದ ಬಂತು ಎಂದು ಕೇಳುವುದನ್ನು ಬಿಟ್ಟುಬಿಡುತ್ತೇವೆ. ಶಾಲು ಹೊದಿಸಿ, ಫೋಟೊ ತೆಗೆದು, ಒಂದು ಕಾಲ ಮುಗಿಯಿತೆಂದು ಹೇಳಿ ಮನೆಗೆ ಹೋಗುತ್ತೇವೆ.

ಮೊದಲು ವಾದ್ಯವನ್ನೇ ನೋಡೋಣ. ಒಣಗಿಸಿದ ಸೋರೆಬುರುಡೆ, ಬಿದಿರಿನ ದಂಡ, ಎಳೆದು ಕಟ್ಟಿದ ತಂತಿ. ಬೇಕಾದ ಸಾಮಾನೆಲ್ಲ ಊರಿನ ಹಿತ್ತಲಲ್ಲೂ ಸಂತೆಯಲ್ಲೂ ಸಿಗುವಂಥದು. ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲಿ ಭಕ್ತ ತನ್ನ ಮೈಯನ್ನೇ ವಾದ್ಯ ಮಾಡಿಕೊಳ್ಳೆಂದು ದೇವರನ್ನು ಬೇಡುತ್ತಾನೆ. ಅಲ್ಲಿ ದಂಡಿಗೆ ಇದೆ, ಸೋರೆ ಇದೆ, ತಂತಿ ಇದೆ. ಆ ವಚನವನ್ನು ಇಂದು ಗವಾಯಿಗಳ ಬಾಯಲ್ಲಿ ಕೇಳುವ ನಮಗೆ ಅದರೊಳಗಿನ ವಾದ್ಯ ಆಸ್ಥಾನದ ವೀಣೆಯಂತೆ ಕಾಣಬಹುದು. ಅದರ ಭಾಗಗಳನ್ನು ಒಂದೊಂದಾಗಿ ಲೆಕ್ಕ ಹಾಕಿದರೆ ಅದು ದಾಮರಗಿದ್ದದ ವಾದ್ಯಕ್ಕೇ ಹತ್ತಿರ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಿನ್ನರಿ ನುಡಿಸುತ್ತಿದ್ದ ಬೊಮ್ಮಯ್ಯ ಎಂಬ ಶರಣನಿದ್ದ. ಅಕ್ಕಸಾಲಿ ಕೆಲಸದವನು, ಆಂಧ್ರದ ಕಡೆಯಿಂದ ಬಂದವನು, ಕನ್ನಡದಲ್ಲಿ ವಚನ ಕಟ್ಟಿದವನು. ಸೋರೆಬುರುಡೆಯ ತಂತಿವಾದ್ಯ ಹಿಡಿದ ಮನುಷ್ಯ ತೆಲುಗು ನೆಲದಿಂದ ಕನ್ನಡ ನೆಲಕ್ಕೆ ನಡೆದುಬಂದು ಎಂಟು ನೂರು ವರ್ಷಗಳ ಮೇಲಾಯಿತು. ಕನ್ನಡ ಸಾಹಿತ್ಯ ಚರಿತ್ರೆ ಅವನನ್ನು ಯಾವ ಅನುಮಾನವೂ ಇಲ್ಲದೆ ತನ್ನವನೆಂದು ಬರೆದುಕೊಂಡಿದೆ.

ಇಂಥ ವಾದ್ಯ ಹಿಡಿದವರನ್ನು ಕೇಳುವಾಗ ಗಮನಿಸಬೇಕಾದದ್ದು ಬೆರಳಿನ ವೇಗವನ್ನಲ್ಲ, ಮಾತಿಗೂ ತಂತಿಗೂ ನಡುವೆ ನಡೆಯುವ ವ್ಯವಹಾರವನ್ನು. ನಾಗರಕರ್ನೂಲು ಜಿಲ್ಲೆಯ ದರ್ಶನಂ ಮೊಗಿಲಯ್ಯನವರ ಹನ್ನೆರಡು ಮೆಟ್ಟಿನ ಕಿನ್ನೆರ ಅನೇಕರಿಗೆ ಗೊತ್ತು. 2021ರಲ್ಲಿ ‘ಭೀಮ್ಲಾ ನಾಯಕ್’ ಚಿತ್ರದ ಹಾಡಿನ ಆರಂಭದಲ್ಲಿ ಅವರ ದನಿ ಬಂದ ಮೇಲೆ ಊರೂರಿಗೂ ಗೊತ್ತಾಯಿತು. ಅವರು ಒಂದು ಸಾಲು ಹಾಡಿ ನಿಲ್ಲುತ್ತಾರೆ, ಕಿನ್ನೆರ ಅದೇ ಸಾಲನ್ನು ತಿರುಗಿ ಹೇಳುತ್ತದೆ. ಮಾತಿನ ಏರಿಳಿತ, ಉಸಿರು ನಿಂತ ಜಾಗ, ಕೊನೆಯಲ್ಲಿ ಎಳೆದ ಅಕ್ಷರ ಎಲ್ಲವೂ ತಂತಿಯಲ್ಲಿ ಕೇಳಿಸುತ್ತವೆ. ಇದನ್ನು ಪಕ್ಕವಾದ್ಯ ಎನ್ನಲಾಗದು. ಹಾಡುವವನೊಬ್ಬನೇ, ಆದರೆ ಹೇಳುವವರು ಇಬ್ಬರು. ಅಮೆರಿಕದ ಬ್ಲೂಸ್ ಗಾಯಕ ಬಿ.ಬಿ. ಕಿಂಗ್ ತಾನು ಹಾಡುವುದನ್ನೂ ಗಿಟಾರ್ ನುಡಿಸುವುದನ್ನೂ ಏಕಕಾಲಕ್ಕೆ ಮಾಡಲಾರೆ ಎಂದು ಹೇಳಿಕೊಂಡಿದ್ದರು. ಅವರು ಒಂದು ಸಾಲು ಹಾಡಿದರೆ ‘ಲೂಸಿಲ್’ ಎಂದು ಹೆಸರಿಟ್ಟಿದ್ದ ಅವರ ಗಿಟಾರ್ ಉತ್ತರ ಕೊಡುತ್ತಿತ್ತು. ಮಿಸಿಸಿಪ್ಪಿಯ ಹತ್ತಿ ಹೊಲಕ್ಕೂ ಕೃಷ್ಣಾ ತೀರದ ಜೋಳದ ಹೊಲಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಒಂಟಿಯಾಗಿ ಹಾಡುವ ಬಡವನಿಗೆ ಎದುರು ಮಾತಾಡುವ ಒಂದು ದನಿ ಬೇಕಾದಾಗ ತಂತಿ ಸಿಕ್ಕಿತು, ಅಲ್ಲಿಯೂ ಇಲ್ಲಿಯೂ.

ಬ್ಲೂಸಿನ ಮಾತು ಬಂದದ್ದರಿಂದ ಅದನ್ನು ಸ್ವಲ್ಪ ಮುಂದಕ್ಕೆ ಒಯ್ಯುತ್ತೇನೆ, ಏಕೆಂದರೆ ಕೊನೆಯ ಕೊಂಡಿಯ ಕಥೆಯನ್ನು ಅಲ್ಲಿನವರು ನಮಗಿಂತ ಮೊದಲೇ ಕಟ್ಟಿ, ಅದರ ಬೆಲೆಯನ್ನೂ ತೆತ್ತಿದ್ದಾರೆ. 1938ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಕಪ್ಪು ಜನರ ಸಂಗೀತದ ದೊಡ್ಡ ಕಾರ್ಯಕ್ರಮವೊಂದು ಏರ್ಪಾಡಾಯಿತು. ಹಾಡಬೇಕಿದ್ದ ರಾಬರ್ಟ್ ಜಾನ್ಸನ್ ಆ ಆಗಸ್ಟಿನಲ್ಲೇ ತೀರಿಕೊಂಡಿದ್ದ. ಅವನ ಬದಲಿಗೆ ಬಿಗ್ ಬಿಲ್ ಬ್ರೂನ್ಜಿಯನ್ನು ಕರೆಸಿದರು. ಬ್ರೂನ್ಜಿ ಬಹಳ ವರ್ಷಗಳಿಂದ ಶಿಕಾಗೋ ನಿವಾಸಿ, ರೆಕಾರ್ಡುಗಳ ಲೋಕದಲ್ಲಿ ನುರಿತ ವೃತ್ತಿಪರ. ಸಭೆಗೆ ಅವನನ್ನು ಪರಿಚಯಿಸಿದ್ದು ಮಾತ್ರ ಆರ್ಕನ್ಸಾದ ಹೊಲದಿಂದ ನೇರವಾಗಿ ಎದ್ದುಬಂದ ರೈತನೆಂದು. ಕೇಳುಗರಿಗೆ ವೃತ್ತಿಪರ ಬೇಕಿರಲಿಲ್ಲ, ಮುಗ್ಧ ಹಳ್ಳಿಗ ಬೇಕಿತ್ತು. 1963ರಲ್ಲಿ ಮಿಸಿಸಿಪ್ಪಿ ಜಾನ್ ಹರ್ಟ್‌ನನ್ನು ಅವನ ಅವಲಾನ್ ಊರಿನಲ್ಲಿ ಹುಡುಕಿ ತೆಗೆದರು. 1928ರಲ್ಲಿ ಅವನು ಹಾಡಿದ್ದ ರೆಕಾರ್ಡೊಂದರಲ್ಲಿ ಆ ಊರಿನ ಹೆಸರಿತ್ತು, ಅದೇ ಸುಳಿವು. ಪತ್ರಿಕೆಗಳಿಗೆ ಅದು ಮರುಶೋಧನೆ. ಅವಲಾನಿನ ಅಕ್ಕಪಕ್ಕದವರಿಗೆ ಅವನು ಯಾವತ್ತೂ ಕಳೆದುಹೋಗಿರಲಿಲ್ಲ.

ಕೊಂಡಪ್ಪನವರಿಗೂ ಇದೇ ಆಯಿತು. ಎಲೆಮರೆಯ ಕಾಯಿ ಎಂದರು. ಯಾರ ಕಣ್ಣಿಗೆ ಮರೆ? ದೆಹಲಿಗೆ ಮರೆ, ಹೈದರಾಬಾದಿಗೆ ಮರೆ, ಬೆಂಗಳೂರಿಗೆ ಮರೆ. ಐದು ದಶಕ ಒಂದೇ ವಾದ್ಯ ಹಿಡಿದು ಬಾಳಿದವನನ್ನು ಯಾರೋ ಕೇಳಿದ್ದಾರೆ, ಕರೆದಿದ್ದಾರೆ, ಜೋಳಿಗೆಗೆ ಜೋಳ ಹಾಕಿದ್ದಾರೆ. ದಾಸರಿಗಳ ಹಾಡು ಕೇಳುಗರಿಲ್ಲದೆ ಬದುಕಿದ್ದಲ್ಲ. ತೆಲುಗು ಸೀಮೆಯಲ್ಲಿ ಊರೂರು ತಿರುಗಿ ಹಾಡುವುದು ಅವರ ವೃತ್ತಿ. ಅವರಲ್ಲಿ ಮಾಲ ದಾಸರಿಗಳು ತಮ್ಮ ಜನರಿಗೆ ಗುರುಸ್ಥಾನದವರು, ಮದುವೆ ಮತ್ತು ಸಾವಿನ ವಿಧಿಗಳಿಗೆ ಅವರೇ ಬರಬೇಕು. ದೇವಸ್ಥಾನದ ಹೊಸ್ತಿಲು ದಾಟಲು ಬಿಡದ ಜನಕ್ಕೆ ದೇವರ ಮಾತನ್ನು ಕೇರಿಗೆ ತಂದುಕೊಟ್ಟವರು ಇಂಥ ಹಾಡುಗಾರರು. ಅವರನ್ನು ಪ್ರಶಸ್ತಿ ಬೆಳಕಿಗೆ ತಂದಿತೆನ್ನುವುದು ಇಷ್ಟು ಕಾಲ ಅವರನ್ನು ಸಾಕಿದ ಕೇಳುಗರನ್ನು ಲೆಕ್ಕದಿಂದ ಅಳಿಸಿದ ಹಾಗೆ.

ಇನ್ನು ಹಾಡಿನ ಮಾತು. ಇಲ್ಲಿಯೇ ಕನ್ನಡದವರ ಹೊಣೆ ಶುರುವಾಗುವುದು. ತತ್ವ ಎಂದರೆ ತೆಲುಗಿನವರಿಗೆ ಮೊದಲು ನೆನಪಾಗುವುದು ಪೋತುಲೂರಿ ವೀರಬ್ರಹ್ಮಂ. ಗಡಿಯ ಈಚೆ ಅದು ತತ್ವಪದ. ದಾಮರಗಿದ್ದದಿಂದ ಗುರುಮಠಕಲ್ ದಾಟಿ ಯಾದಗಿರಿ, ಸುರಪುರ, ಜೇವರ್ಗಿಯ ಕಡೆಗೆ ಬಂದರೆ ತತ್ವಪದಕಾರರ ಊರುಗಳೇ ಸಾಲುಸಾಲು. ಕೊಡೇಕಲ್ಲಿನ ಬಸವಣ್ಣ, ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರ, ಕಡಕೋಳದ ಮಡಿವಾಳಪ್ಪ, ಅವರ ಹಾದಿ ಹಿಡಿದ ಖೈನೂರ ಕೃಷ್ಣಪ್ಪ, ಚನ್ನೂರ ಜಲಾಲಸಾಹೇಬ, ತೆಲಗಬಾಳ ರೇವಪ್ಪ. ಮುಸ್ಲಿಮರೂ ದಲಿತರೂ ಜಂಗಮರೂ ಒಂದೇ ಗುರುಪರಂಪರೆಯಲ್ಲಿ ಕೂತು ಪದ ಕಟ್ಟಿದ ಸೀಮೆ ಇದು. ಇಂದಿಗೂ ಅಮಾವಾಸ್ಯೆಯ ರಾತ್ರಿ ಈ ಕಡೆಯ ಮಠಗಳಲ್ಲಿ ಭಜನಿ ಕೂತರೆ ಬೆಳಗಾಗುತ್ತದೆ. ಒಬ್ಬರ ಕೈಯಲ್ಲಿ ಏಕತಾರಿ, ಇನ್ನೊಬ್ಬರ ಕೈಯಲ್ಲಿ ದಮ್ಮಡಿ, ಉಳಿದವರಿಗೆ ತಾಳ. ಮುಂದಿನವರು ಎತ್ತಿದ ಪಲ್ಲವಿಯನ್ನು ಹಿಂದಿನವರು ಹಿಡಿಯುತ್ತಾರೆ. ಒಂದು ಪದದಲ್ಲಿ ಒಗಟಿನಂಥ ಪ್ರಶ್ನೆ ಬಂದರೆ ಅದಕ್ಕೆ ಉತ್ತರವಾಗುವ ಪದವನ್ನು ಎದುರಿನ ಮೇಳ ಹುಡುಕಬೇಕು. ಎಣ್ಣೆಯ ಕೈಮುಟ್ಟಿ ಅಂಚು ಮೆತ್ತಗಾದ ನೋಟುಬುಕ್ಕುಗಳಲ್ಲಿ ಕೈಬರಹದ ಪದಗಳು. ಹಾಡುವವರಲ್ಲಿ ಹಮಾಲರು, ಹೊಲದ ಕೂಲಿಯವರು, ಗೌಂಡಿಗಳು. ಇಷ್ಟು ಜೀವ ಇರುವ ಹಾಡಿನ ಲೋಕದ ಒಂದು ಅಂಚಿನಲ್ಲಿ ನಿಂತು ಹಾಡುವವರನ್ನು ಕೊನೆಯ ಕೊಂಡಿ ಎನ್ನುವುದು ಹೇಗೆ ಸರಿಯಾದೀತು?

ಆ ಲೋಕ ಎರಡು ರಾಜ್ಯಗಳಲ್ಲಿ ಒಡೆದುಹೋಗಿರುವುದೇ ಕಣ್ಣಿಗೆ ಬೀಳದಿರಲು ಕಾರಣ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಭಾಷೆಯ ಮೇಲೆ ಹಂಚಿದಾಗ ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರದ ಮಹಬೂಬನಗರಕ್ಕೆ ಹೋದವು. ನಾರಾಯಣಪೇಟೆ, ಮಕ್ತಲ್ ಮೊದಲಿಂದಲೂ ಆ ಜಿಲ್ಲೆಯವೇ. ಆದರೆ ಭೀಮೆ ಬಂದು ಕೃಷ್ಣೆಗೆ ಸೇರುವ ತಂಗಡಿಯ ಆಚೀಚೆ, ಕೃಷ್ಣಾ ರೈಲು ನಿಲ್ದಾಣದ ಸುತ್ತಲ ಹಳ್ಳಿಗಳಲ್ಲಿ, ಮಾಗನೂರಿನಲ್ಲಿ ಮನೆಮಾತು ಇಂದಿಗೂ ಕನ್ನಡ. ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದಿದ ಶಾಲೆಗಳು ಅಲ್ಲಿವೆ. ಹೆಣ್ಣು ಕೊಟ್ಟು ತರುವುದು, ಜಾತ್ರೆಗೆ ಹೋಗುವುದು, ಎತ್ತು ಮಾರುವುದು ಯಾವುದಕ್ಕೂ ಗಡಿ ಅಡ್ಡ ಬಂದಿಲ್ಲ. ಹಾಡಿಗೂ ಬಂದಿಲ್ಲ. ಕೇಳುಗರು ಯಾವ ಊರಿನವರೋ ಆ ಭಾಷೆಯ ಪದ ತೆಗೆಯುವುದು ಈ ಸೀಮೆಯ ಹಾಡುಗಾರನಿಗೆ ಸಹಜ. ಗಡಿ ಅಡ್ಡ ಬಂದದ್ದು ಅಕಾಡೆಮಿಗಳಿಗೆ, ವಿಶ್ವವಿದ್ಯಾಲಯಗಳಿಗೆ, ಪ್ರಶಸ್ತಿ ಸಮಿತಿಗಳಿಗೆ, ನಮ್ಮಂಥ ಬರೆಯುವವರಿಗೆ. 2019ರಲ್ಲಿ ನಾರಾಯಣಪೇಟೆ ಹೊಸ ಜಿಲ್ಲೆಯಾದ ಮೇಲೆ ಕೊಂಡಪ್ಪನವರು ಆ ಜಿಲ್ಲೆಯ ಹೆಮ್ಮೆಯಾದರು, ಸಂತೋಷ. ಆದರೆ ತೆಲಂಗಾಣದ ಜನಪದ ಕಲಾವಿದ ಎಂಬ ಒಂದೇ ಚೌಕಟ್ಟಿನಲ್ಲಿ ಅವರ ಕನ್ನಡದ ಪದಗಳು ಎಲ್ಲಿಗೆ ಹೋದವು?

ಇಲ್ಲಿ ನನಗೆ ಕಾಡುವ ಒಂದು ಹೋಲಿಕೆಯಿದೆ. ಗದ್ವಾಲ ಸೀಮೆಯ ಐಜದ ಹತ್ತಿರ ಉತ್ತನೂರು ಎಂಬ ಊರಿದೆ. ಹದಿನೆಂಟನೆಯ ಶತಮಾನದ ಗೋಪಾಲದಾಸರು ನೆಲೆಸಿದ ಊರು. ‘ಹರಿಕಥಾಮೃತಸಾರ’ ಬರೆದ ಮಾನ್ವಿಯ ಜಗನ್ನಾಥದಾಸರಿಗೆ ಅವರು ಗುರು. ಉತ್ತನೂರು ಇಂದು ತೆಲಂಗಾಣದಲ್ಲಿದೆಯೆಂದು ಗೋಪಾಲದಾಸರನ್ನು ಯಾವ ಕನ್ನಡ ಸಾಹಿತ್ಯ ಚರಿತ್ರೆಯೂ ಕೈಬಿಟ್ಟಿಲ್ಲ, ಬಿಡಬಾರದು ಕೂಡ. ಅವರ ಕೀರ್ತನೆಗಳನ್ನು ಬೆಂಗಳೂರಿನ ಸಭೆಗಳಲ್ಲಿ ಹಾಡುತ್ತೇವೆ. ಕೋಲಾರದ ಕಡೆ ಕೈವಾರ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಪದ ಕಟ್ಟಿದರು. ಎರಡು ಭಾಷೆಯವರೆಂದು ಅವರನ್ನು ಹೊರಗಿಡಲಿಲ್ಲ. ಅಂದಮೇಲೆ ಊರು ಗಡಿಯಾಚೆ ಇರುವುದಾಗಲಿ, ನಾಲಿಗೆಯಲ್ಲಿ ಎರಡು ಭಾಷೆ ಇರುವುದಾಗಲಿ ತೊಡಕಲ್ಲ. ಮಠದ, ಗ್ರಂಥದ, ಅಂಕಿತನಾಮದ ಬೆಂಬಲವಿರುವ ದಾಸರು ಗಡಿ ದಾಟಿ ನಮ್ಮ ಚರಿತ್ರೆಯೊಳಗೆ ಬಂದರು. ಜೋಳಿಗೆ ಹಾಕಿಕೊಂಡು ಕೇರಿಯಿಂದ ಕೇರಿಗೆ ನಡೆದ ದಾಸರಿಗಳು ಗಡಿಯಲ್ಲೇ ನಿಂತರು. ಇದು ಆಕಸ್ಮಿಕವೆಂದು ನಾನು ಒಪ್ಪಲಾರೆ. ಜನಪದ ಎಂಬ ಹಣೆಪಟ್ಟಿ ಇಂಥವರನ್ನು ಗೌರವಿಸುತ್ತಲೇ ಸಾಹಿತ್ಯದಿಂದಲೂ ಸಂಗೀತದಿಂದಲೂ ದೂರ ಇಡುತ್ತದೆ. ತ್ಯಾಗರಾಜರ ಕೃತಿಯೊಂದನ್ನು ವಿಮರ್ಶಿಸುವಂತೆ ಕೊಂಡಪ್ಪನವರ ಹಾಡುಗಾರಿಕೆಯನ್ನು ವಿಮರ್ಶಿಸಿದ ಲೇಖನ ಬರಬೇಕು: ಯಾವ ಪದವನ್ನು ಯಾವ ಮಟ್ಟಿನಲ್ಲಿ ಹಾಡುತ್ತಾರೆ, ತೆಲುಗಿನ ತತ್ವಕ್ಕೂ ಕನ್ನಡದ ಪದಕ್ಕೂ ತಂತಿಯ ನಡೆ ಬದಲಾಗುತ್ತದೆಯೇ, ಅಜ್ಜನಿಂದ ಬಂದದ್ದೆಷ್ಟು, ತಾವೇ ಸೇರಿಸಿದ್ದೆಷ್ಟು. ಬಡವರೆಂಬ ಮಾತಿಗಿಂತ ಈ ಪ್ರಶ್ನೆಗಳಲ್ಲಿ ಅವರ ಬಗ್ಗೆ ಹೆಚ್ಚಿನ ಗೌರವವಿದೆ.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. ಹಾಡು ಉಳಿದಿರಬಹುದು, ಬುರ್ರವೀಣೆ ಉಳಿದಿದೆಯೇ? ಅದನ್ನು ಕಟ್ಟುವವರು, ನುಡಿಸುವವರು ಇನ್ನೆಷ್ಟು ಜನ? ಈ ಆಕ್ಷೇಪದಲ್ಲಿ ತಿರುಳಿದೆ. ಏಕತಾರಿ ಹಿಡಿದವರು ಸಾವಿರಾರು ಜನ ಇದ್ದರೂ ಬುರ್ರವೀಣೆಯ ಕೈಚಳಕ ಅವರಲ್ಲಿಲ್ಲ. ಏಕತಾರಿ ಶ್ರುತಿ ಹಿಡಿಯುತ್ತದೆ, ಇದು ಹಾಡನ್ನೇ ಹೇಳುತ್ತದೆ. ಬುರುಡೆಯನ್ನು ಎಷ್ಟು ಒಣಗಿಸಬೇಕು, ದಂಡಕ್ಕೆ ಹೇಗೆ ಬಿಗಿಯಬೇಕು ಎಂಬ ತಿಳಿವಳಿಕೆ ಒಂದು ಮನೆಯಲ್ಲಿ ನಿಂತರೆ ಅದು ನಿಜಕ್ಕೂ ನಷ್ಟ. ನಾನು ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ವಾದ್ಯ ವಿರಳವಾಗಿದೆ ಎನ್ನುವುದಕ್ಕೂ ಕಲೆ ಮುಗಿಯಿತು ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯ ಮಾತು ಕೆಲಸಕ್ಕೆ ಹಚ್ಚುತ್ತದೆ, ಎರಡನೆಯದು ಕೈಕಟ್ಟಿ ಕೂರಿಸುತ್ತದೆ.

ಮತ್ತೆ ಬ್ಲೂಸಿನದೇ ಒಂದು ಘಟನೆ. 1964ರಲ್ಲಿ ಸನ್ ಹೌಸ್ ಎಂಬ ಹಳೆಯ ಹಾಡುಗಾರನನ್ನು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಪತ್ತೆ ಹಚ್ಚಿದಾಗ ಅವನು ಗಿಟಾರ್ ಬಿಟ್ಟು ವರ್ಷಗಳೇ ಆಗಿದ್ದವು. ತನ್ನ ಹಾಡುಗಳನ್ನೇ ಅವನು ಮರೆತಿದ್ದ. ಅವನ ಹಳೆಯ ರೆಕಾರ್ಡುಗಳನ್ನು ಕೇಳಿ ಕೇಳಿ ಕಲಿತಿದ್ದ ಅಲನ್ ವಿಲ್ಸನ್ ಎಂಬ ಹುಡುಗ ಎದುರು ಕೂತು ಅವನ ನುಡಿಸಾಣಿಕೆಯನ್ನು ಅವನಿಗೇ ನೆನಪು ಮಾಡಿಕೊಟ್ಟ. ಆಮೇಲೆ ಸನ್ ಹೌಸ್ ಮತ್ತೆ ವೇದಿಕೆ ಹತ್ತಿದ, ಮತ್ತೆ ಧ್ವನಿಮುದ್ರಣ ಮಾಡಿದ. ಅದು ಸಾಧ್ಯವಾದದ್ದು ಧ್ವನಿ ಒಂದು ಕಡೆ ಉಳಿದಿತ್ತು ಮತ್ತು ಅದನ್ನು ಕಲಿಯುವಷ್ಟು ಪ್ರೀತಿಯಿಂದ ಒಬ್ಬ ಹುಡುಗ ಕೇಳಿದ್ದ ಎಂಬ ಕಾರಣಕ್ಕೆ. ಬ್ಲೂಸ್ ಹಾಡಿದವರು ನಮ್ಮ ದಾಸರಿಗಳಿಗಿಂತ ಸುಖವಾಗಿದ್ದರೆಂದು ನಾನು ಹೇಳುತ್ತಿಲ್ಲ, ಕಂಪನಿಗಳು ಅವರನ್ನು ದೋಚಿದ್ದೇ ಹೆಚ್ಚು. ಆದರೆ 1920ರಿಂದ ಅವರ ಧ್ವನಿ ತಟ್ಟೆಗಳ ಮೇಲೆ ಕೂತಿತು, 1941ರಿಂದ ಆರ್ಕನ್ಸಾದ ಹೆಲೆನಾ ಪಟ್ಟಣದ ರೇಡಿಯೋದಲ್ಲಿ ದಿನವೂ ಮಧ್ಯಾಹ್ನ ಕೇಳಿಸಿತು. ನಮ್ಮಲ್ಲಿ ತತ್ವಪದಗಳಿಗೆ ಅಚ್ಚಿನ ಮನ್ನಣೆ ಸಿಕ್ಕಿದೆ. ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ಸಂಪುಟಗಳ ಮಾಲೆಯನ್ನೇ ಹೊರತಂದಿತು. ಅದು ದೊಡ್ಡ ಕೆಲಸ, ಮುಂದಿನವರು ನೆನೆಯುವಂಥದು. ಆದರೆ ಅಚ್ಚಿನಲ್ಲಿ ಪದ ಬರುತ್ತದೆ, ಮಟ್ಟು ಬರುವುದಿಲ್ಲ. ತಂತಿ ಎಲ್ಲಿ ನಿಂತಿತು, ಎಲ್ಲಿ ಎಳೆಯಿತು ಎಂಬುದನ್ನು ಪುಸ್ತಕ ಹೇಳಲಾರದು.

ಪ್ರಶಸ್ತಿಯಿಂದ ಏನೂ ಆಗುವುದಿಲ್ಲ ಎನ್ನುವವನೂ ನಾನಲ್ಲ. 2024ರ ಫೆಬ್ರವರಿಯಲ್ಲಿ ತೆಲಂಗಾಣ ಸರ್ಕಾರ ಪದ್ಮಶ್ರೀ ಪಡೆದ ತನ್ನ ಕಲಾವಿದರಿಗೆ ತಲಾ 25 ಲಕ್ಷ ರೂಪಾಯಿ ಮತ್ತು ತಿಂಗಳಿಗೆ 25,000 ರೂಪಾಯಿ ಪಿಂಚಣಿ ಘೋಷಿಸಿತು. ಬಡ ಮನೆಯೊಂದಕ್ಕೆ ಅದು ಸಣ್ಣ ಮೊತ್ತವಲ್ಲ, ಆ ನಿರ್ಧಾರವನ್ನು ಮೆಚ್ಚಬೇಕು. ಆದರೆ 2022ರಲ್ಲಿ ಅದೇ ಪದ್ಮಶ್ರೀ ಪಡೆದ ಮೊಗಿಲಯ್ಯನವರು 2024ರಲ್ಲಿ ಹೈದರಾಬಾದಿನ ಹೊರವಲಯದಲ್ಲಿ ಕಟ್ಟಡದ ಕೂಲಿಗೆ ಹೋಗುತ್ತಿದ್ದ ಸುದ್ದಿಯನ್ನು ದೇಶವೇ ನೋಡಿತು. ಪದಕ ಮತ್ತು ಇಡಿಗಂಟು ಒಬ್ಬ ವ್ಯಕ್ತಿಗೆ ಸಲ್ಲುತ್ತವೆ. ಕಲೆ ಉಳಿಯಬೇಕಾದರೆ ಅದನ್ನು ಕಲಿಯುವ ಹುಡುಗನಿಗೆ ಮುಂದಿನ ತಿಂಗಳೂ ಹೊಟ್ಟೆ ತುಂಬುತ್ತದೆಂಬ ಭರವಸೆ ಬೇಕು. ಮೂರನೆಯ ತಲೆಮಾರಿನ ವಾದಕರೆಂದು ಅಭಿಮಾನದಿಂದ ಹೇಳುತ್ತೇವೆ. ನಾಲ್ಕನೆಯವರು ಯಾಕೆ ಬರಬೇಕೆಂದು ಕೇಳಿಕೊಂಡಿದ್ದೇವೆಯೇ? ಹಾಡಿ ಬದುಕುವುದು ಭಿಕ್ಷೆಯೆಂದು ಅವಮಾನಿಸಿದ ಸಮಾಜದಲ್ಲಿ ಒಂದು ದಲಿತ ಅಥವಾ ಅಲೆಮಾರಿ ಮನೆಯ ಹುಡುಗ ವಾದ್ಯ ಬಿಟ್ಟು ಕೆಲಸ ಹುಡುಕಿ ಹೋದರೆ ಅವನನ್ನು ದೂರುವ ಹಕ್ಕು ಯಾರಿಗೂ ಇಲ್ಲ. ವಾದ್ಯ ಹಿಡಿಯುವುದು ಮರ್ಯಾದೆಯ, ಸಂಬಳದ ಕೆಲಸವಾಗಬೇಕು. ಆಗ ಕಲಿಯುವವರು ದಾಸರಿಗಳ ಮನೆಯಿಂದ ಮಾತ್ರ ಬರಬೇಕೆಂದೂ ಇಲ್ಲ.

ಆದ್ದರಿಂದ ಕನ್ನಡದ ಸಂಸ್ಥೆಗಳಿಗೆ ನನ್ನ ಬೇಡಿಕೆ ಇಷ್ಟು. ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ, ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರವಿದೆ, ಹೊರನಾಡ ಕನ್ನಡಿಗರಿಗಾಗಿಯೂ ಕೆಲಸ ಮಾಡಬೇಕಾದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಿದೆ. ಯಾದಗಿರಿಯಿಂದ ದಾಮರಗಿದ್ದಕ್ಕೆ ಬೆಳಿಗ್ಗೆ ಹೊರಟು ಸಂಜೆಗೆ ತಿರುಗಿ ಬರಬಹುದು. ಕೊಂಡಪ್ಪನವರು ಗಟ್ಟಿಯಾಗಿರುವಾಗಲೇ ಅವರಿಗೆ ತಕ್ಕ ಸಂಭಾವನೆ ಕೊಟ್ಟು, ಅವರ ಬಾಯಲ್ಲಿರುವ ಕನ್ನಡದ ಪದಗಳನ್ನೆಲ್ಲ ವಾದ್ಯದ ಸಮೇತ ಧ್ವನಿಮುದ್ರಿಸಿ, ವಾದ್ಯ ಕಟ್ಟುವ ಕೆಲಸವನ್ನು ಬುರುಡೆ ಆರಿಸುವಲ್ಲಿಂದ ತಂತಿ ಬಿಗಿಯುವವರೆಗೆ ಚಿತ್ರೀಕರಿಸಿ, ಯಾದಗಿರಿ, ರಾಯಚೂರು, ನಾರಾಯಣಪೇಟೆಯ ಕೆಲವು ಹುಡುಗ ಹುಡುಗಿಯರಿಗೆ ವಿದ್ಯಾರ್ಥಿವೇತನ ಕೊಟ್ಟು ಅವರ ಬಳಿ ಕಲಿಯಲು ಕಳಿಸಿ. ತೆಲಂಗಾಣದ ಸಂಸ್ಥೆಗಳೊಂದಿಗೆ ಸೇರಿ ಮಾಡಿದರೆ ಇನ್ನೂ ಒಳ್ಳೆಯದು, ಹಾಡು ಇಬ್ಬರದೂ ಹೌದು. ಒಂದು ಸಮ್ಮೇಳನಕ್ಕೆ ಹಾಕುವ ಪೆಂಡಾಲಿನ ಖರ್ಚಿಗಿಂತ ಇದಕ್ಕೆ ಬೇಕಾದ ಹಣ ಕಡಿಮೆ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಇಂಥ ಸಮಿತಿಗಳಲ್ಲಿ ಇದ್ದರೆ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ದಾಮರಗಿದ್ದದ ಹೆಸರನ್ನು ಸೇರಿಸಿ.